ನಡುವಿನ ಸೊನ್ನೆ ಎಲ್ಲಿ ಹೋಯಿತು?

1545ನ್ನು 15ರಿಂದ ಭಾಗಿಸಿದರೆ ಮಗಳಿಗೆ 13 ಬರುತ್ತಿದೆ, ಪುಸ್ತಕದ ಹಿಂದೆ 103 ಇದೆ, ತಪ್ಪೆಲ್ಲಿ ಎಂದು ಕೇಳಿದ್ದೀರಿ. ಮಗ್ಗಿಯಲ್ಲಿ ತಪ್ಪಿಲ್ಲ, ಗದರಬೇಡಿ. ಒಂದು ಸೊನ್ನೆ ಬಿಟ್ಟುಹೋಗಿದೆ, ಅಷ್ಟೇ.

ಮೊದಲ 15ರಲ್ಲಿ 15 ಒಂದು ಸಲ; ಮೇಲೆ 1, ಶೇಷ ಏನೂ ಇಲ್ಲ. ಈಗ 4ನ್ನು ಇಳಿಸಿಕೊಳ್ಳಬೇಕು. ಅದರಲ್ಲಿ 15 ಹೋಗುವುದಿಲ್ಲ. ಇಲ್ಲಿಯೇ ಮಕ್ಕಳು ಮೇಲೆ ಏನೂ ಬರೆಯದೆ 5ನ್ನೂ ಇಳಿಸಿ, 45ಕ್ಕೆ 3 ಎಂದು ಮುಗಿಸಿಬಿಡುತ್ತಾರೆ. ಕೆಳಗೆ ಒಂದು ಅಂಕಿ ಇಳಿದರೆ ಮೇಲೆ ಒಂದು ಅಂಕಿ ಏರಲೇಬೇಕು, ಹೋಗದಿದ್ದರೆ ಸೊನ್ನೆ.

ಇದನ್ನು ನನ್ನ ಮಗನಿಗೆ ಟೊಮೆಟೊ ಲೆಕ್ಕದಲ್ಲಿ ಹೇಳಿದೆ. ನಮ್ಮ ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸ್ ಎಂದರೆ 15 ಕಿಲೋ. ತುಂಬಬೇಕಾದ ಹಣ್ಣು 1545 ಕಿಲೋ ಎಂದುಕೊಂಡರೆ, 13 ಬಾಕ್ಸಿಗೆ 195 ಕಿಲೋ ಮಾತ್ರ ಹಿಡಿಯುತ್ತದೆ. "ಹಾಗಾದರೆ ಉಳಿದ ಹಣ್ಣನ್ನು ರಸ್ತೆಗೆ ಸುರಿಯುವುದೇ?" ಎಂದು ಅವನೇ ನಕ್ಕ. (ಬೆಲೆ ಬಿದ್ದಾಗ ಅದೂ ಆಗುವುದುಂಟು, ಆ ಮಾತು ಬೇರೆ.)

ಚೌಕಳಿ ಪುಟದ ಪುಸ್ತಕ ಕೊಡಿಸಿ, ಚೌಕಕ್ಕೊಂದು ಅಂಕಿ ಬರೆಸಿ. ಬಿಟ್ಟುಹೋದ ಜಾಗ ಅವಳ ಕಣ್ಣಿಗೇ ಬೀಳುತ್ತದೆ. ನಾಳೆ 816ನ್ನು 8ರಿಂದ, 3612ನ್ನು 12ರಿಂದ ಭಾಗಿಸಲು ಕೊಡಿ. 102, 301 ಬಂದರೆ ಮುಂದಿನ ಪಾಠಕ್ಕೆ ಹೋಗಬಹುದು.