ಅಡಿಲೇಡ್‌ನಿಂದ ಪರ್ತ್‌ಗೆ ಕಾರಿನಲ್ಲಿ: ನಲ್ಲರ್ಬೋರ್ ದಾರಿಗೆ ಹಗಲಿನ ಲೆಕ್ಕ ಹಾಕಿ

ಊರಿನಿಂದ ಬಂದಿರುವ ತಂದೆತಾಯಿಯನ್ನು ಕರೆದುಕೊಂಡು ಜುಲೈ ತಿಂಗಳಲ್ಲಿ ಸಾಧಾರಣ ಕಾರಿನಲ್ಲಿ ಅಡಿಲೇಡ್‌ನಿಂದ ಪರ್ತ್‌ಗೆ ಹೋಗಬಹುದೇ, ನಾಲ್ಕು ದಿನ ಸಾಕೇ, ಪೆಟ್ರೋಲ್ ಸಿಗದೆ ನಡುದಾರಿಯಲ್ಲಿ ನಿಲ್ಲುವ ಭಯವಿದೆಯೇ ಎಂದು ಕೇಳಿದ್ದೀರಿ. ಈ ದಾರಿಯಲ್ಲಿ ಎರಡೂ ದಿಕ್ಕಿಗೆ ಕಾರು ಓಡಿಸಿದವನಾಗಿ ಹೇಳುತ್ತೇನೆ: ಖಂಡಿತ ಹೋಗಬಹುದು, ಆದರೆ ನಾಲ್ಕು ದಿನ ಸಾಲದು, ಆರು ದಿನ ಇಟ್ಟುಕೊಳ್ಳಿ. ಪೆಟ್ರೋಲಿಗಿಂತ ಮುಖ್ಯವಾಗಿ ನೀವು ಲೆಕ್ಕ ಹಾಕಬೇಕಾದದ್ದು ಹಗಲಿನ ಬೆಳಕನ್ನು.

ಒಟ್ಟು ದೂರ ಸುಮಾರು 2,700 ಕಿ.ಮೀ. ಅದರಲ್ಲಿ ಪೋರ್ಟ್ ಅಗಸ್ಟಾದಿಂದ ನಾರ್ಸ್‌ಮನ್‌ವರೆಗಿನ 1,660 ಕಿ.ಮೀ. ನಲ್ಲರ್ಬೋರ್ ಬಯಲನ್ನು ದಾಟುವ ಐರ್ ಹೆದ್ದಾರಿ. 1976ರಲ್ಲಿಯೇ ಅದಕ್ಕೆ ಪೂರ್ತಿಯಾಗಿ ಡಾಂಬರು ಬಿದ್ದಿರುವುದರಿಂದ ಫೋರ್ ವ್ಹೀಲ್ ಡ್ರೈವ್ ಗಾಡಿಯ ಅಗತ್ಯವಿಲ್ಲ. ಟೈರು, ಸ್ಟೆಪ್ನಿ, ಬ್ಯಾಟರಿ, ರೇಡಿಯೇಟರ್ ಚೆನ್ನಾಗಿದ್ದರೆ ನಿಮ್ಮ ಕಾರೇ ಸಾಕು. ಸೆಡೂನಾ ಪಟ್ಟಣ ದಾಟಿದ ಮೇಲೆ ಪೆಟ್ರೋಲ್ ಸಿಗುವುದು ರೋಡ್‌ಹೌಸ್‌ಗಳಲ್ಲಿ, ಅಂದರೆ ಬಂಕು, ಹೋಟೆಲು, ವಸತಿ ಮೂರೂ ಒಂದೇ ಸೂರಿನಡಿ ಇರುವ ತಾಣಗಳಲ್ಲಿ. ಎರಡು ರೋಡ್‌ಹೌಸ್‌ಗಳ ನಡುವಿನ ಅತಿ ದೊಡ್ಡ ಅಂತರವೂ 200 ಕಿ.ಮೀ. ಮುಟ್ಟುವುದಿಲ್ಲ. ಬೆಲೆ ನಗರಕ್ಕಿಂತ ಬಹಳ ಹೆಚ್ಚು, ಕೆಲವು ಬಂಕುಗಳು ರಾತ್ರಿ ಮುಚ್ಚುತ್ತವೆ. ಆದರೂ ಅರ್ಧ ಟ್ಯಾಂಕ್ ಖಾಲಿಯಾದಾಗಲೆಲ್ಲ ತುಂಬಿಸಿಕೊಂಡರೆ ನಿಮ್ಮ ಮೊದಲ ಭಯಕ್ಕೆ ಕಾರಣವೇ ಉಳಿಯುವುದಿಲ್ಲ.

ನಿಜವಾದ ಅಪಾಯ ಸಂಜೆಯದು. ಸೂರ್ಯ ಇಳಿಯುತ್ತಿದ್ದಂತೆ ಕಾಂಗರೂಗಳು ರಸ್ತೆಯಂಚಿಗೆ ಮೇಯಲು ಬರುತ್ತವೆ, ಬೆಳಗಿನ ಜಾವವೂ ಹಾಗೆಯೇ. ಸೆಡೂನಾದ ಆಚೆಗಿನ ಯಲಾಟಾ ಆಸುಪಾಸಿನಲ್ಲಿ ಬಿಲ ತೋಡುವ ದಪ್ಪ ಪ್ರಾಣಿ ವಾಂಬ್ಯಾಟ್ ಮತ್ತು ಒಂಟೆಗಳೂ ಅಡ್ಡ ಬರುತ್ತವೆ, 110 ಕಿ.ಮೀ. ವೇಗದಲ್ಲಿರುವ ಕಾರಿನ ಮುಂದೆ ಒಂಟೆಯೊಂದು ಬಂದು ನಿಂತರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಹಗಲಿನಲ್ಲಿಯೂ, ಸತ್ತ ಪ್ರಾಣಿಯನ್ನು ತಿನ್ನುತ್ತ ಕೂತ ದೊಡ್ಡ ಹದ್ದುಗಳು ತಟ್ಟನೆ ಮೇಲೇಳಲಾರವಾದ್ದರಿಂದ ದೂರದಿಂದಲೇ ವೇಗ ತಗ್ಗಿಸಿ. ಬಾಡಿಗೆ ಕಾರಾದರೆ, ಕತ್ತಲಾದ ಮೇಲೆ ಇಂಥ ಪ್ರದೇಶದಲ್ಲಿ ಓಡಿಸಿದರೆ ವಿಮೆ ಅನ್ವಯಿಸುವುದೇ ಎಂಬುದನ್ನು ಕರಾರಿನಲ್ಲಿ ಓದಿ ನೋಡಿ.

ಇಲ್ಲಿ ಗಡಿಯಾರ ಹೊಸಬರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಇಲ್ಲಿ ಚಳಿಗಾಲವಾದ ಜುಲೈನಲ್ಲಿ, ಅಡಿಲೇಡ್ ಇರುವ ದಕ್ಷಿಣ ಆಸ್ಟ್ರೇಲಿಯಾದ ಸಮಯ ಪರ್ತ್‌ಗಿಂತ ಒಂದೂವರೆ ಗಂಟೆ ಮುಂದಿರುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿರುವ ಬಾರ್ಡರ್ ವಿಲೇಜ್‌ನಿಂದ ಪಶ್ಚಿಮಕ್ಕೆ ಕೈಗೂನಾದ ಸಮೀಪದವರೆಗಿನ ಜನ ಇವೆರಡರ ನಡುವಿನದೊಂದು ಸಮಯವನ್ನು, ಅಂದರೆ ಪರ್ತ್‌ಗಿಂತ 45 ನಿಮಿಷ ಮುಂದಿರುವುದನ್ನು, ತಮ್ಮಷ್ಟಕ್ಕೆ ಪಾಲಿಸುತ್ತಾರೆ. ಪಶ್ಚಿಮಕ್ಕೆ ಹೋಗುವಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸುತ್ತ ಹೋಗುವುದರಿಂದ ದಿನ ಉದ್ದವಾಯಿತೆಂಬ ಭಾವನೆ ಬರುತ್ತದೆ. ಆದರೆ ಜುಲೈನಲ್ಲಿ ಸೆಡೂನಾದಲ್ಲಿ ಐದೂವರೆಯ ಮೇಲೆ ಮುಳುಗುವ ಸೂರ್ಯ, ಪರ್ತ್ ಸಮಯ ಪಾಲಿಸುವ ಬಲಡೋನಿಯಾದಲ್ಲಿ ಐದು ಗಂಟೆಯ ಹೊತ್ತಿಗೇ ಮುಳುಗಿರುತ್ತಾನೆ. ಹಗಲು ಇರುವುದು ಹತ್ತು ಗಂಟೆ ಚಿಲ್ಲರೆ. ಬೆಳಗ್ಗೆ ಬಿಸಿಲೇರಿದ ಮೇಲೆ ಹೊರಟು, ಸಂಜೆ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ ಬಂದು ತಂಗುವುದಾದರೆ, ಊಟ ಮತ್ತು ವಿಶ್ರಾಂತಿ ಕಳೆದು ದಿನಕ್ಕೆ ಸರಾಸರಿ 500 ಕಿ.ಮೀ.ಗಿಂತ ಹೆಚ್ಚು ಹಾಕಿಕೊಳ್ಳಬಾರದು. ಆರು ದಿನ ಎಂದದ್ದು ಈ ಲೆಕ್ಕದಿಂದಲೇ.

ನನ್ನ ಸಲಹೆಯಂತೆ ಮೊದಲ ರಾತ್ರಿ ಕಿಂಬಾ, ಎರಡನೆಯದು ಸೆಡೂನಾ, ಮೂರನೆಯದು ಯೂಕ್ಲಾ, ನಾಲ್ಕನೆಯದು ಬಲಡೋನಿಯಾ, ಐದನೆಯದು ಕೂಲ್‌ಗಾರ್ಡಿ ಅಥವಾ ಕಾಲ್‌ಗೂರ್ಲಿ, ಆರನೆಯ ಸಂಜೆ ಪರ್ತ್. ಯೂಕ್ಲಾ ಮತ್ತು ಬಲಡೋನಿಯಾದ ಕೋಣೆಗಳನ್ನು ಮುಂಗಡವಾಗಿ ಕಾಯ್ದಿರಿಸಿ. ಅಲ್ಲಿ ಜಾಗವಿಲ್ಲವೆಂದರೆ ಮುಂದಿನ ತಾಣಕ್ಕೆ ಕತ್ತಲಲ್ಲಿಯೇ ಹೋಗಬೇಕಾಗುತ್ತದೆ.

ಎರಡನೆಯ ದಿನವನ್ನು ಬೇಕೆಂದೇ ಚಿಕ್ಕದಾಗಿಟ್ಟಿದ್ದೇನೆ, ಏಕೆಂದರೆ ಮೂರನೆಯ ದಿನಕ್ಕೆ ದಣಿವಿಲ್ಲದ ಮೈ ಬೇಕು. ನಲ್ಲರ್ಬೋರ್ ರೋಡ್‌ಹೌಸ್‌ಗೆ ಸ್ವಲ್ಪ ಮೊದಲು ಎಡಕ್ಕೆ ತಿರುಗಿದರೆ ಸಮುದ್ರದಂಚಿನ ಹೆಡ್ ಆಫ್ ಬೈಟ್ ಎಂಬ ತಾಣ ಸಿಗುತ್ತದೆ. ಜುಲೈನಲ್ಲಿ ಸದರ್ನ್ ರೈಟ್ ತಿಮಿಂಗಿಲಗಳು ಮರಿ ಹಾಕಲು ಅಲ್ಲಿಗೆ ಬಂದಿರುತ್ತವೆ, ಬಂಡೆಯ ಮೇಲಿನ ಕಟ್ಟೆಯಿಂದಲೇ ತಾಯಿ ಮರಿಗಳನ್ನು ಕಾಣಬಹುದು. ಮೆಟ್ಟಿಲು ಹತ್ತಲಾರದ ಹಿರಿಯರೂ ನಿಧಾನವಾಗಿ ಹೋಗಿಬರಬಹುದಾದ ಹಾದಿ ಅದು. ಅಲ್ಲಿಂದ ಮುಂದೆ ಗಡಿಯವರೆಗೂ ನೆಲ ಥಟ್ಟನೆ ಮುಗಿದು ಸಮುದ್ರಕ್ಕೆ ಕಡಿದಾಗಿ ಇಳಿಯುವ ಬಂಡಾ ಪ್ರಪಾತಗಳಿವೆ. ಅಂಚಿನ ಸುಣ್ಣಕಲ್ಲು ಕಳಚಿ ಬೀಳುವಂಥದ್ದು, ಹಾಗಾಗಿ ನೋಡಲೆಂದು ಗೊತ್ತುಮಾಡಿರುವ ಜಾಗಗಳಲ್ಲಿ ಮಾತ್ರ ನಿಲ್ಲಿ. ನಲ್ಲರ್ಬೋರ್‌ನ ಈ ಇಡೀ ಬಯಲು ಸುಮಾರು ಎರಡು ಲಕ್ಷ ಚದರ ಕಿ.ಮೀ.ಯ ಒಂದೇ ಸುಣ್ಣಕಲ್ಲಿನ ಹಾಸು. ಬಿದ್ದ ಮಳೆ ಬಿರುಕುಗಳೊಳಗೆ ಇಳಿದು ಗುಹೆ ಸೇರುವುದರಿಂದ ಮೇಲೆ ಹೊಳೆಯಿಲ್ಲ, ಹಳ್ಳವಿಲ್ಲ. 1841ರಲ್ಲಿ ಅನ್ವೇಷಕ ಎಡ್ವರ್ಡ್ ಜಾನ್ ಐರ್ ಈ ಕರಾವಳಿಯನ್ನು ದಾಟಿದಾಗ ಮರಳುದಿಣ್ಣೆಗಳನ್ನು ತೋಡಿ ಸಿಕ್ಕ ನೀರೇ ಜೀವ ಉಳಿಸಿತು. ಹೆದ್ದಾರಿಗೆ ಐರ್‌ನ ಹೆಸರಿದೆ. ಕೊನೆಯವರೆಗೂ ಜೊತೆಗೆ ನಡೆದ ಮೂಲನಿವಾಸಿ ಯುವಕ ವೈಲಿಯ ಹೆಸರನ್ನೂ ಅಷ್ಟೇ ಗೌರವದಿಂದ ನೆನೆಯಬೇಕೆಂದು ನನ್ನ ಅಭಿಪ್ರಾಯ.

ಕೈಗೂನಾದಿಂದ ಬಲಡೋನಿಯಾದತ್ತ ಹೋಗುವಾಗ 146.6 ಕಿ.ಮೀ. ರಸ್ತೆಯಲ್ಲಿ ಒಂದೂ ತಿರುವಿಲ್ಲ. ಅಲ್ಲಿ ಕಣ್ಣು ಎಳೆಯುತ್ತದೆ. ಗಂಟೆಗೊಮ್ಮೆಯಾದರೂ ಚಾಲಕರು ಬದಲಾಗಬೇಕು, ಇಲ್ಲವೇ ಇಳಿದು ಹತ್ತು ನಿಮಿಷ ನಡೆಯಬೇಕು. ರೋಡ್ ಟ್ರೇನ್ ಎಂಬ ಬಹು ಟ್ರೇಲರ್‌ಗಳ ಲಾರಿಗಳು ಈ ಹೆದ್ದಾರಿಯಲ್ಲಿ 36 ಮೀಟರ್‌ಗೂ ಉದ್ದವಿರುತ್ತವೆ. ಎದುರಿಗೆ ಕನಿಷ್ಠ ಒಂದು ಕಿಲೋಮೀಟರ್ ಖಾಲಿ ರಸ್ತೆ ಕಾಣದೆ ಓವರ್‌ಟೇಕ್ ಮಾಡಬೇಡಿ, ಎದುರಿನಿಂದ ಬಂದಾಗ ಗಾಳಿಯ ಹೊಡೆತಕ್ಕೆ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿಯಿರಿ.

ಸಸ್ಯಾಹಾರಿಗಳಿಗೆ ರೋಡ್‌ಹೌಸ್‌ಗಳಲ್ಲಿ ಆಲೂಗೆಡ್ಡೆ ಚಿಪ್ಸ್ ಮತ್ತು ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಹೆಚ್ಚೇನೂ ಸಿಗದು. ಚಪಾತಿ, ಚಟ್ನಿಪುಡಿ, ಅವಲಕ್ಕಿ, ಪುಳಿಯೋಗರೆ ಗೊಜ್ಜು ಕಟ್ಟಿಕೊಳ್ಳಿ. ತಾಯಿಯವರಿಗೆ ಬಿಸಿನೀರು ಸಿಕ್ಕರೆ ಸಾಕು, ಊಟವಾಗುತ್ತದೆ. ಆದರೆ ಬಾರ್ಡರ್ ವಿಲೇಜ್‌ನ ತಪಾಸಣೆಯಲ್ಲಿ ತಾಜಾ ಹಣ್ಣು, ತರಕಾರಿ, ಜೇನುತುಪ್ಪ ತೆಗೆದುಕೊಂಡುಬಿಡುತ್ತಾರೆ. ಕರಿಬೇವು ನಿಂಬೆಯ ಕುಲದ್ದಾದ್ದರಿಂದ ಅದನ್ನೂ ಗಡಿಗೆ ಮೊದಲೇ ಮುಗಿಸಿ. ಕುಡಿಯುವ ನೀರನ್ನು ರೋಡ್‌ಹೌಸ್‌ಗಳಲ್ಲಿ ಪುಕ್ಕಟೆ ತುಂಬಿಸಿಕೊಳ್ಳಬಹುದೆಂದು ಎಣಿಸದೆ, ತಲೆಗೆ ಹತ್ತು ಲೀಟರಿನಂತೆ ಕಾರಿನಲ್ಲಿಯೇ ಇಟ್ಟುಕೊಳ್ಳಿ.

ಕಾರು ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ. ಬಾನೆಟ್ ಎತ್ತಿ ನೆರಳಿನಲ್ಲಿ ಕಾದರೆ ಹಗಲಿನಲ್ಲಿ ಯಾರಾದರೂ ಬಂದೇ ಬರುತ್ತಾರೆ. ಮೊಬೈಲ್ ಸಿಗ್ನಲ್ ರೋಡ್‌ಹೌಸ್‌ಗಳ ಸುತ್ತ ಇದ್ದು ನಡುವೆ ಬಹುಪಾಲು ಇರುವುದಿಲ್ಲವಾದ್ದರಿಂದ, ತಂದೆತಾಯಿ ಜೊತೆಗಿರುವಾಗ ಬಾಡಿಗೆಗಾದರೂ ಒಂದು ಸ್ಯಾಟಲೈಟ್ ಫೋನ್ ತೆಗೆದುಕೊಳ್ಳುವುದು ಒಳ್ಳೆಯದು; ತುರ್ತು ಸಂಖ್ಯೆ 000. ಹೆದ್ದಾರಿಯ ಮೇಲೆ ಅಲ್ಲಲ್ಲಿ ಕಾಣುವ ಬಿಳಿ ಪಟ್ಟೆಗಳು, ದೂರದ ಪ್ರದೇಶಗಳಿಗೆ ವಿಮಾನದಲ್ಲಿ ವೈದ್ಯಸೇವೆ ಕೊಡುವ ಫ್ಲೈಯಿಂಗ್ ಡಾಕ್ಟರ್ ಸಂಸ್ಥೆಯ ವಿಮಾನ ಇಳಿಯಲು ಗುರುತು ಮಾಡಿದವು. ಸೆಡೂನಾದಿಂದ ನಾರ್ಸ್‌ಮನ್‌ವರೆಗೆ ಸುಮಾರು 1,200 ಕಿ.ಮೀ. ಆಸ್ಪತ್ರೆಯಿಲ್ಲ, ಔಷಧಿ ಅಂಗಡಿಯೂ ಇಲ್ಲ. ಆದ್ದರಿಂದ ತಂದೆತಾಯಿಯ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಎರಡು ವಾರಕ್ಕಾಗುವಷ್ಟು ಅಡಿಲೇಡ್‌ನಲ್ಲಿಯೇ ಕೊಂಡು, ವೈದ್ಯರ ಚೀಟಿಯ ಜೊತೆಗೆ ಕೈಚೀಲದಲ್ಲಿಟ್ಟುಕೊಳ್ಳಿ.