‘ನಗುನಗುತ್ತಾ ಬಿಟ್ಟುಕೊಟ್ಟ’ ಅಂದರೆ ನಾನು ನಂಬಲ್ಲ

ಆತ್ಮೀಯರೇ,

ಅಬ್ರಹಾಂ ಲಿಂಕನ್ ಬಗ್ಗೆ ನೀವು ಬರೆದ ‘ತ್ಯಾಗದ ಟಿಕೆಟ್’ ಕಥೆ ಬಂತು, ಓದಿದೆ. ಸಿಟ್ಟು ಬಂತು. ಅದಕ್ಕೇ ಇಷ್ಟುದ್ದ ಉತ್ತರ ಬರೆಯುತ್ತಿದ್ದೇನೆ. ಸಿಟ್ಟೂ ಬರಿಸದ ಕಥೆಗಳಿಗೆ ನಮ್ಮಲ್ಲಿ ಎರಡು ಸಾಲಿನ ಸಿದ್ಧ ಉತ್ತರ ಇದೆ, ನಿಮಗೆ ಅದನ್ನು ಕಳಿಸಲು ಮನಸ್ಸಾಗಲಿಲ್ಲ.

ಮೊದಲು ಒಳ್ಳೆಯ ಮಾತು. ವಸ್ತು ಚೆನ್ನಾಗಿದೆ, ಕನ್ನಡದಲ್ಲಿ ಯಾರೂ ಅಷ್ಟಾಗಿ ಮುಟ್ಟದ್ದು. ಭಾಷೆ ಎಲ್ಲೂ ಎಡವುವುದಿಲ್ಲ. ಇಲಿನಾಯ್ ನದಿಯ ದಂಡೆಯ ವರ್ಣನೆ ಓದಿದರೆ ನೀವು ಆ ಕಡೆಯೇ ಕೆಲಸದಲ್ಲಿರುವವರು ಅಂತ ಗೊತ್ತಾಗುತ್ತೆ. ಆಯ್ತು.

ಈ ಉತ್ತರ ನಮ್ಮ ಪತ್ರಿಕೆಯಲ್ಲೂ ಬರುವುದರಿಂದ ಉಳಿದವರಿಗೆ ಕಥೆ ಏನೆಂದು ಹೇಳಿಬಿಡುತ್ತೇನೆ. 1843ನೇ ಇಸವಿ. ಅಮೆರಿಕದ ಇಲಿನಾಯ್ ರಾಜ್ಯದ ಏಳನೇ ಕಾಂಗ್ರೆಸ್ ಕ್ಷೇತ್ರ (ಕಾಂಗ್ರೆಸ್ ಅಂದರೆ ಅಲ್ಲಿನ ಸಂಸತ್ತು). ಆ ರಾಜ್ಯದಲ್ಲಿ ಡೆಮಾಕ್ರಟರದ್ದೇ ಕಾರುಬಾರು. ಏಳು ಕ್ಷೇತ್ರಗಳಲ್ಲಿ ಅವರ ಎದುರಾಳಿ ವಿಗ್ ಪಕ್ಷಕ್ಕೆ ಗಟ್ಟಿಯಾಗಿ ಸಿಗುವುದು ಇದೊಂದೇ. ಅಂದರೆ ವಿಗ್ ಟಿಕೆಟ್ ಸಿಕ್ಕರೆ ಅರ್ಧ ವಾಷಿಂಗ್ಟನ್ ಸೇರಿದ ಹಾಗೆ. ಆ ಟಿಕೆಟ್‌ಗೆ ಮೂವರು ವಕೀಲರು. ಜಾಕ್ಸನ್‌ವಿಲ್‌ನ ಜಾನ್ ಹಾರ್ಡಿನ್, ಸ್ಪ್ರಿಂಗ್‌ಫೀಲ್ಡ್‌ನ ಎಡ್ವರ್ಡ್ ಬೇಕರ್, ಅದೇ ಸ್ಪ್ರಿಂಗ್‌ಫೀಲ್ಡ್‌ನ ಅಬ್ರಹಾಂ ಲಿಂಕನ್. ಮೂವರಿಗೂ ಮೂವತ್ತರ ಆಸುಪಾಸು, ಮೂವರೂ ಪರಸ್ಪರ ಬಲ್ಲವರು. 1843ರಲ್ಲಿ ಹಾರ್ಡಿನ್‌ಗೆ ಟಿಕೆಟ್ ಸಿಕ್ಕಿತು, 1844ರಲ್ಲಿ ಬೇಕರ್‌ಗೆ, 1846ರಲ್ಲಿ ಲಿಂಕನ್‌ಗೆ. ಮೂವರೂ ಗೆದ್ದರು. ನಿಮ್ಮ ಕಥೆ ನಡೆಯುವುದು ಈ ಮೂರು ವರ್ಷಗಳಲ್ಲಿ.

ಈಗ ನಿಮ್ಮ ಮೊದಲ ವಾಕ್ಯಕ್ಕೆ ಬರೋಣ. ‘ಮುಂದೊಂದು ದಿನ ಗುಲಾಮರ ಸಂಕೋಲೆ ಕಡಿಯಲಿದ್ದ ಆ ಮಹಾತ್ಮನ ಕಣ್ಣಲ್ಲಿ ಅಂದು ಸೋಲಿನ ಛಾಯೆಯೂ ಇರಲಿಲ್ಲ.’

ಅಂದು ಅಂದರೆ ಎಂದು? 1843ರ ಮಾರ್ಚ್ 20, ಸೋಮವಾರ. ಸ್ಪ್ರಿಂಗ್‌ಫೀಲ್ಡ್ ಇರುವ ಸ್ಯಾಂಗಮನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ವಿಗ್ ಸಭೆಯಲ್ಲಿ ಬೇಕರ್ ಎದುರು ಲಿಂಕನ್ ಸೋತ ದಿನ. ಆ ದಿನ ಆತ ಯಾರ ಸಂಕೋಲೆಯನ್ನೂ ಕಡಿಯಲಿರಲಿಲ್ಲ. ಸ್ವಂತ ಊರಿನ ಸಭೆಯಲ್ಲೇ ಸೋತ, ಮದುವೆಯಾಗಿ ಐದು ತಿಂಗಳೂ ತುಂಬದ ಒಬ್ಬ ವಕೀಲ, ಅಷ್ಟೇ. ಹೆಂಡತಿ ಬಸುರಿ. ಇಬ್ಬರೂ ಗ್ಲೋಬ್ ಟಾವರ್ನ್ ಅನ್ನುವ ಹೋಟೆಲಿನ ಒಂದು ಕೋಣೆಯಲ್ಲಿದ್ದರು, ಊಟ ಸೇರಿ ವಾರಕ್ಕೆ 4 ಡಾಲರ್. ನೀವು ಅವನ ತಲೆಯ ಹಿಂದೆ ಪ್ರಭಾವಳಿ ಹಚ್ಚಿಟ್ಟಿದ್ದೀರಿ. ಆ ಬೆಳಕಿಗೆ ಈ ಕೋಣೆ ಕಾಣುವುದೇ ಇಲ್ಲ. ಮೊದಲ ಪುಟದಲ್ಲಿ ‘ಮುಂದೆ’, ‘ಮುಂದೊಂದು ದಿನ’, ‘ಇತಿಹಾಸ ಕಾದಿತ್ತು’ ಎಲ್ಲಾ ಬಂದಿವೆ. ಎಲ್ಲವನ್ನೂ ಹೊಡೆದುಹಾಕಿ. ನಿಮ್ಮ ಓದುಗನಿಗೆ ಲಿಂಕನ್ ಯಾರು ಅಂತ ಗೊತ್ತು. ಲಿಂಕನ್‌ಗೆ ಗೊತ್ತಿಲ್ಲ. ಕಥೆಯ ಮಜಾ ಇರುವುದು ಅಲ್ಲೇ ಅಲ್ವಾ?

ಎರಡನೇ ಪುಟ: ‘ಅಧಿಕಾರದ ಆಸೆ ಅವನನ್ನು ಎಂದೂ ಮುಟ್ಟಿರಲಿಲ್ಲ.’

ಇಲ್ಲಿ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಕಾಫಿ ಕುಡಿದು ಬಂದೆ. ಅದೇ ವರ್ಷ ಫೆಬ್ರವರಿಯಲ್ಲಿ ಲಿಂಕನ್ ರಿಚರ್ಡ್ ಥಾಮಸ್ ಅನ್ನುವ ಗೆಳೆಯನಿಗೆ ಒಂದು ಪತ್ರ ಬರೆದ. ಲಿಂಕನ್‌ಗೆ ಕಾಂಗ್ರೆಸ್‌ಗೆ ಹೋಗುವ ಮನಸ್ಸಿಲ್ಲ ಅಂತ ಯಾರಾದರೂ ಅಂದರೆ, ನಿಮ್ಮ ತಿಳಿವಳಿಕೆ ತಪ್ಪು ಅಂತ ಅವರಿಗೆ ಹೇಳು. ನಿಜ ಹೇಳಬೇಕೆಂದರೆ ನನಗೆ ಹೋಗಲು ತುಂಬಾ ಆಸೆ. ಇದು ಅವನದೇ ಮಾತಿನ ಸಾರ. ಎಷ್ಟು ನೇರ ನೋಡಿ. ಇಷ್ಟು ಒಳ್ಳೆಯ ಆಸೆಯನ್ನು ಕಿತ್ತು ಬಿಸಾಡಿ ಆ ಜಾಗಕ್ಕೆ ವೈರಾಗ್ಯ ತುಂಬಿದ್ದೀರಿ. ಆಸೆ ಇಲ್ಲದವನು ಟಿಕೆಟ್ ಬಿಟ್ಟರೆ ಅದು ಕಥೆಯೇ ಅಲ್ಲ, ಸುಮ್ನೆ ಒಂದು ಸುದ್ದಿ.

ಅದರ ಕೆಳಗಿನ ಸಾಲು: ‘ಗೆಳೆಯ ಬೇಕರ್‌ಗಾಗಿ ನಗುನಗುತ್ತಾ ಟಿಕೆಟ್ ಬಿಟ್ಟುಕೊಟ್ಟ.’

ಬಿಟ್ಟುಕೊಡಲಿಲ್ಲ, ಸೋತ. ಸೋತ ಮೇಲೆ ಸಭೆ ಅವನನ್ನೇ, ಟಿಕೆಟ್ ತೀರ್ಮಾನಿಸುವ ಇಡೀ ಕ್ಷೇತ್ರದ ಸಮಾವೇಶದಲ್ಲಿ ಬೇಕರ್ ಪರವಾಗಿ ಮತ ಹಾಕಬೇಕಾದ ಪ್ರತಿನಿಧಿಗಳಲ್ಲಿ ಒಬ್ಬನನ್ನಾಗಿ ಮಾಡಿತು. ಬೇಡ ಅಂದ, ಕೇಳಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಗೆಳೆಯ ಜೋಶುವಾ ಸ್ಪೀಡ್‌ಗೆ ಬರೆದ: ನನ್ನ ಹುಡುಗಿಯನ್ನು ಹಾರಿಸಿಕೊಂಡು ಹೋಗಿ ಮದುವೆ ಆಗುತ್ತಿರುವವನ ಪಕ್ಕದಲ್ಲಿ ನಾನೇ ಮದುವೆ ಗಂಡಿನ ಜೊತೆಗಾರನಾಗಿ ನಿಂತ ಹಾಗಿದೆ ನನ್ನ ಸ್ಥಿತಿ. ಇದರಲ್ಲಿ ನಗು ಇದೆ, ಹೌದು. ಆದರೆ ಅದು ನಿಮ್ಮ ‘ನಗುನಗುತ್ತಾ’ ಅಲ್ಲ. ಈ ಒಂದು ಪತ್ರದ ಬೆನ್ನು ಹತ್ತಿದ್ದರೆ ನಿಮ್ಮ ಇಡೀ ಎರಡನೇ ಭಾಗ ತಾನಾಗಿ ಬರುತ್ತಿತ್ತು.

ಅದಕ್ಕಿಂತ ರುಚಿಯಾದದ್ದು ಅದರ ಮುಂದಿನ ಪತ್ರ. ಮಾರ್ಚ್ 26ರಂದು ಬರೆದದ್ದು, ಪಕ್ಕದ ಮೆನಾರ್ಡ್ ಕೌಂಟಿಯ ಮಾರ್ಟಿನ್ ಮಾರಿಸ್‌ಗೆ. ಆ ಕಡೆಯ ಹಳ್ಳಿಯಲ್ಲೇ ಲಿಂಕನ್ ಯೌವನ ಕಳೆದದ್ದು, ಹಾಗಾಗಿ ಅಲ್ಲಿಯವರು ಅವನ ಪರ. ಹನ್ನೆರಡು ವರ್ಷದ ಹಿಂದೆ ತಿಂಗಳಿಗೆ 10 ಡಾಲರ್‌ಗೆ ದೋಣಿಯಲ್ಲಿ ದುಡಿಯುತ್ತಿದ್ದ, ದಿಕ್ಕಿಲ್ಲದ, ಓದಿಲ್ಲದ ಹುಡುಗನನ್ನು ಕಂಡ ನಿಮ್ಮ ಊರಿನ ಹಿರಿಯರಿಗೆ, ಇಲ್ಲಿ ನನ್ನನ್ನು ಗರ್ವದ, ಸಿರಿವಂತಿಕೆಯ, ದೊಡ್ಡ ಮನೆತನದ ಅಭ್ಯರ್ಥಿ ಅಂತ ಕರೆದು ಕೆಡವಿದರು ಅಂದರೆ ಆಶ್ಚರ್ಯ ಆಗಬಹುದು, ಅಂತ ಬರೆಯುತ್ತಾನೆ. ಹೆಂಡತಿ ಮೇರಿ ಟಾಡ್ ದೊಡ್ಡ ಮನೆತನದವಳು, ಅದು ಮುಳುವಾಯಿತು. ಚರ್ಚ್ ಲೆಕ್ಕವೂ ಇತ್ತು. ಬೇಕರ್ ಕ್ಯಾಂಪ್‌ಬೆಲ್ ಅನ್ನುವ ಕ್ರೈಸ್ತ ಪಂಥದವನು, ಆ ಓಟುಗಳು ಅವನಿಗೆ. ಲಿಂಕನ್ ಯಾವ ಚರ್ಚಿಗೂ ಸೇರಿದವನಲ್ಲ, ಮೇಲಾಗಿ ದ್ವಂದ್ವಯುದ್ಧಕ್ಕೆ ಹೊರಟವನು, ಅಂಥವನಿಗೆ ಕ್ರೈಸ್ತರು ಓಟು ಹಾಕಬಾರದು ಅನ್ನುವ ಪ್ರಚಾರ. ಜಾತಿ, ಮನೆತನ, ದುಡ್ಡು. ನಮ್ಮ ಓದುಗರಿಗೆ ಟಿಪ್ಪಣಿ ಬೇಕಾ? ನೀವು ಇಷ್ಟನ್ನೂ ‘ಕೆಲವು ಅಪಪ್ರಚಾರಗಳ ನಡುವೆಯೂ’ ಅಂತ ಮುಗಿಸಿದ್ದೀರಿ.

ನಾನು ಮೂರು ಸಲ ಗೆರೆ ಎಳೆದ ಭಾಗ ಅದೇ ಪತ್ರದ ಕೊನೆಯಲ್ಲಿದೆ. ಮೆನಾರ್ಡ್‌ನವರು ತಮ್ಮ ಪ್ರತಿನಿಧಿಗಳಿಗೆ ಲಿಂಕನ್ ಪರ ಇರಿ ಅಂತ ಹೇಳೋಣವಾ ಅಂತ ಅವನನ್ನೇ ಕೇಳಿದ್ದರು. ಲಿಂಕನ್ ಏನಂದ? ನನ್ನ ಆಕ್ಷೇಪ ಇಲ್ಲ, ಅಷ್ಟು ಒಳ್ಳೆಯ ಗೌರವವನ್ನು ತುಳಿಯಲಾರೆ. ಹಾಗಾಗುವುದು ಕಷ್ಟ, ಆದರೂ ಏನಾದರೂ ಆಗಿ ಬೇಕರ್ ಕಣದಿಂದ ಹೊರಬಿದ್ದರೆ ನಾನು ಟಿಕೆಟ್ ಒಪ್ಪಿಕೊಳ್ಳಬಹುದು. ಅವನಿಗೆ ಅಡ್ಡಿ ಮಾತ್ರ ಮಾಡಲಾರೆ, ಮಾಡಿದರೆ ನನಗೆ ನನ್ನ ಮೇಲೇ ಹೇಸಿಗೆ ಆದೀತು.

ಬಾಗಿಲು ಹಾಕಿದ್ದಾನೆ, ಚಿಲಕ ಹಾಕಿಲ್ಲ. ಇವನು ಸಂತನೂ ಅಲ್ಲ, ಮೋಸಗಾರನೂ ಅಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು, ಆ ಮಾತಿನೊಳಗೆ ತನಗೆಷ್ಟು ಜಾಗ ಇದೆ ಅಂತ ಅಳೆಯುತ್ತಿದ್ದಾನೆ, ವಕೀಲ ನೋಡಿ. ಇದನ್ನು ಬರೆಯಿರಿ ಸ್ವಾಮಿ!

ನಾನು ಜಿಲ್ಲಾ ಪತ್ರಿಕೆಯೊಂದರಲ್ಲಿ ಕೆಲಸ ಕಲಿತವನು. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ನಮ್ಮ ಹಿರಿಯ ಉಪಸಂಪಾದಕರೊಬ್ಬರಿದ್ದರು, ನಶ್ಯ ಏರಿಸಿಕೊಂಡೇ ಕಾಪಿ ತಿದ್ದುವವರು. ಟಿಕೆಟ್ ಹಂಚಿಕೆ ದಿನ ಗೆದ್ದವನ ಹಿಂದೆ ನಮ್ಮನ್ನು ಬಿಡುತ್ತಿರಲಿಲ್ಲ. ‘ತಪ್ಪಿದವನ ಹಿಂದೆ ಹೋಗು, ಹೊರಗೆ ಬಂದ ಮೇಲೆ ಮೊದಲು ಏನು ಮಾಡಿದ ನೋಡ್ಕೊಂಡು ಬಾ’ ಅನ್ನುವರು. ಒಂದು ಚುನಾವಣೆಯಲ್ಲಿ ಹಾಗೆ ತಪ್ಪಿದವರು ನಮ್ಮ ಪ್ರೆಸ್ಸಿಗೇ ಬಂದರು. ಟಿಕೆಟ್ ತನಗೇ ಅಂತ ನಂಬಿ ಕರಪತ್ರ ಅಚ್ಚು ಹಾಕಿಸಿದ್ದರು. ಕಟ್ಟುಗಳು ಗೋಡೆ ಪಕ್ಕ ಇದ್ದವು. ಬಾಕಿ ದುಡ್ಡು ಎಣಿಸಿ ಕೊಟ್ಟರು. ಒಂದು ಕರಪತ್ರ ಎಳೆದು, ಹಿಂದೆ ಮುಂದೆ ತಿರುಗಿಸಿ, ‘ಹಿಂದಿನ ಬದಿ ಖಾಲಿ ಇದೆಯಲ್ಲ, ಅಲ್ಲಿ ಅವರ ಹೆಸರು ಹಾಕಿಕೊಡ್ತೀರಾ? ಪೇಪರ್ ಸುಮ್ನೆ ಹಾಳಾಗುತ್ತೆ’ ಅಂದರು. ಪಕ್ಷನಿಷ್ಠೆಯೋ, ಉಳಿತಾಯವೋ, ಗೆದ್ದವರ ಹೆಸರಿನ ಬೆನ್ನಿಗೆ ತನ್ನ ಹೆಸರೂ ಊರೆಲ್ಲಾ ತಿರುಗಲಿ ಅಂತಲೋ. ಹೋಗುವಾಗ ಒಂದು ಕಟ್ಟನ್ನು ಮಾತ್ರ ಕಾರಿನಲ್ಲಿ ಇಡಿಸಿಕೊಂಡರು. ನಾನು ಬಂದು ಇದನ್ನು ಹೇಳಿದಾಗ ಹಿರಿಯರು ಕೇಳಿದ್ದು ಒಂದೇ: ‘ಆ ಕಟ್ಟನ್ನು ಮುಂದಿನ ಸೀಟಲ್ಲಿ ಇಟ್ಟರಾ, ಡಿಕ್ಕಿಯಲ್ಲಾ?’ ಮುಂದಿನ ಸೀಟಲ್ಲಿ. ಹಾಗೇ ಬರಿ ಅಂದರು.

ನಿಮ್ಮ ಕಥೆಯಲ್ಲಿ ಅಂಥ ಕಟ್ಟು ಎಲ್ಲಿದೆ? ಇತಿಹಾಸವೇ ಕೊಟ್ಟಿತ್ತು. 1843ರ ಮೇ 1ರಂದು ಪೀಕಿನ್ ಪಟ್ಟಣದ ಸಮಾವೇಶದಲ್ಲಿ ಟಿಕೆಟ್ ಹಾರ್ಡಿನ್ ಪಾಲಾದ ಮೇಲೆ ಲಿಂಕನ್ ಎದ್ದು ಒಂದು ಠರಾವು ಮಂಡಿಸಿದ. ಮುಂದಿನ ಸಲಕ್ಕೆ ಬೇಕರ್ ಯೋಗ್ಯ ಅಂತ ಈ ಸಭೆ ಶಿಫಾರಸು ಮಾಡಲಿ ಅಂತ. ಪಾಸಾಯಿತು. ನೀವು ಇದನ್ನು ಗೆಳೆತನ ಅಂತ ಬರೆದಿದ್ದೀರಿ. ಇರಬಹುದು. ಆದರೆ ಒಬ್ಬೊಬ್ಬರಿಗೆ ಒಂದೊಂದು ಅವಧಿ ಅನ್ನುವ ಪದ್ಧತಿ ಬಂದರೆ ಬೇಕರ್ ಆದ ಮೇಲೆ ಯಾರು ಉಳಿದರು, ಲೆಕ್ಕ ಹಾಕಿ.

ಈಗ ನನಗೆ ಜಾಸ್ತಿ ಸಿಟ್ಟು ತಂದ ವಿಷಯ, ಹಾರ್ಡಿನ್. ‘ಹಾರ್ಡಿನ್ ಹಲ್ಲು ಕಡಿದ. ಅವನ ತುಟಿಯ ಮೇಲೆ ಕುಟಿಲ ನಗೆ ಮೂಡಿತು.’ ಒಟ್ಟಿಗೇ ಎರಡನ್ನೂ ಮಾಡಲು ಹೋಗಿ ನೋಡಿ, ಕನ್ನಡಿ ಮುಂದೆ. ಆಗಲ್ಲ. ಕಥೆಯ ಉದ್ದಕ್ಕೂ ಅವನಿಗೆ ನೀವು ಕೊಟ್ಟದ್ದು ಇಷ್ಟೇ: ಹಲ್ಲು, ತುಟಿ, ಹುಬ್ಬು.

ಹಾರ್ಡಿನ್ ಮೇರಿ ಟಾಡ್‌ಗೆ ದೂರದ ಸಂಬಂಧಿ. 1842ರಲ್ಲಿ ಲಿಂಕನ್ ಮತ್ತು ಡೆಮಾಕ್ರಟ್ ಮುಖಂಡ ಜೇಮ್ಸ್ ಶೀಲ್ಡ್ಸ್ ಕತ್ತಿ ಹಿಡಿದು ಹೊಡೆದಾಡಲು ಮಿಸಿಸಿಪ್ಪಿ ನದಿ ದಾಟಿ ಹೋಗಿದ್ದಾಗ ನಡುವೆ ಬಂದು ರಾಜಿ ಮಾಡಿಸಿದವರಲ್ಲಿ ಒಬ್ಬ. 1844ರಲ್ಲಿ ಬೇಕರ್‌ಗೆ ಜಾಗ ಬಿಟ್ಟವನು. 1845ರ ಹೊತ್ತಿಗೆ ಮತ್ತೆ ಸೀಟು ಬೇಕು ಅನ್ನಿಸಿತು, ಅದರಲ್ಲಿ ಪಾಪ ಏನಿದೆ? ಲಿಂಕನ್ ಆಗಲೇ ಬೇಕರ್‌ನಿಂದ ‘ಮುಂದಿನ ಸಲ ದಾರಿ ನಿನ್ನದು’ ಅಂತ ಮಾತು ಪಡೆದಿದ್ದ. ಕೋರ್ಟು ಕೆಲಸಕ್ಕೆ ಕೌಂಟಿಯಿಂದ ಕೌಂಟಿಗೆ ತಿರುಗುತ್ತಾ ಊರೂರಿನ ವಿಗ್ ಮುಖಂಡರನ್ನು ಹಿಡಿದಿದ್ದ, ಪತ್ರಿಕಾ ಸಂಪಾದಕರನ್ನೂ ಬಿಡಲಿಲ್ಲ. ಹಾರ್ಡಿನ್ ಹೆಸರು ಇದ್ದಕ್ಕಿದ್ದಂತೆ ಗವರ್ನರ್ ಹುದ್ದೆಗೆ ತೇಲಿಬಂತು. ತನ್ನನ್ನು ದಾರಿಯಿಂದ ಸರಿಸುವ ಆಟ ಇದು ಅಂತ ಹಾರ್ಡಿನ್‌ಗೆ ಗುಮಾನಿ. ನನಗೂ ಇರುತ್ತಿತ್ತು.

ಆಗ ಹಾರ್ಡಿನ್ ಒಂದು ಪ್ರಸ್ತಾಪ ಕಳಿಸಿದ. ಸಮಾವೇಶದ ಪದ್ಧತಿ ಬೇಡ, ಪಕ್ಷದ ಮತದಾರರೇ ಆರಿಸಲಿ, ಅಭ್ಯರ್ಥಿಗಳು ತಮ್ಮ ತಮ್ಮ ಕೌಂಟಿ ಬಿಟ್ಟು ಪ್ರಚಾರಕ್ಕೆ ಹೋಗುವುದು ಬೇಡ. ನಿಮ್ಮ ಕಥೆಯಲ್ಲಿ ಇದು ‘ಕುತಂತ್ರ’. ಇವತ್ತು ಓದಿದರೆ ಇದೇ ಜಾಸ್ತಿ ಪ್ರಜಾಪ್ರಭುತ್ವದ ಮಾತು ಅನ್ನಿಸಲ್ವಾ? ಲಿಂಕನ್ ಒಪ್ಪಲಿಲ್ಲ. ನೀನೂ ಬೇಕರೂ ಗೆದ್ದ ಹಳೇ ಪದ್ಧತಿಯೇ ನನಗೆ ಸಾಕು, ಅಂದ. ನೀನು ಕಾಂಗ್ರೆಸ್ ನೋಡಿಬಂದವನು, ನಿನ್ನ ಹೆಸರು ಕ್ಷೇತ್ರದಲ್ಲೆಲ್ಲಾ ಗೊತ್ತು, ಮನೆಯಲ್ಲೇ ಕೂತರೆ ಲಾಭ ನಿನಗೇ, ಅಂತಲೂ ಸೇರಿಸಿದ. ಅವನ ವಾದವೆಲ್ಲಾ ಒಂದೇ: ಸರದಿ ಬಂದಿದೆ, ನನ್ನದು. ಇಬ್ಬರೂ ಸರಿ, ಇಬ್ಬರಿಗೂ ಸ್ವಾರ್ಥ. ಇಂಥ ಜಗಳ ಸಿಗುವುದೇ ಅಪರೂಪ, ಅದನ್ನು ನೀವು ದುರ್ಯೋಧನ–ಧರ್ಮರಾಯ ಮಾಡಿಬಿಟ್ಟಿರಿ.

1846ರ ಫೆಬ್ರವರಿಯಲ್ಲಿ ಹಾರ್ಡಿನ್ ಹಿಂದೆ ಸರಿದ. ಮಾರ್ಚ್‌ನಲ್ಲಿ ಲಿಂಕನ್‌ಗೆ ಎರಡನೇ ಮಗ ಹುಟ್ಟಿದ, ಅವನಿಗೆ ಎಡ್ವರ್ಡ್ ಬೇಕರ್ ಅಂತ ಹೆಸರಿಟ್ಟ. ಮೇ 1ಕ್ಕೆ ಟಿಕೆಟ್. ಹಾರ್ಡಿನ್ ಮೆಕ್ಸಿಕೋ ಯುದ್ಧಕ್ಕೆ ಹೋಗಿ 1847ರ ಫೆಬ್ರವರಿ 23ರಂದು ಬ್ಯೂನಾ ವಿಸ್ಟಾದಲ್ಲಿ ಸತ್ತ, ಆ ವರ್ಷ ಡಿಸೆಂಬರಿನಲ್ಲಿ ಲಿಂಕನ್ ಸಂಸತ್ತಿಗೆ ಕಾಲಿಡುವ ಮುಂಚೆಯೇ. ನಿಮ್ಮಲ್ಲಿ ಇದಕ್ಕೆ ಅರ್ಧ ವಾಕ್ಯ, ಅದೂ ‘ವಿಧಿ ತೀರ್ಪು ಕೊಟ್ಟಿತು’ ಅಂತ. ಅದನ್ನು ಅಚ್ಚು ಹಾಕಲು ನನ್ನ ಕೈ ಬರಲ್ಲ.

ಉಳಿದದ್ದರ ಬಗ್ಗೆ ಈಗ ಏನೂ ಹೇಳಲ್ಲ. ಕಥೆಯನ್ನು ಗ್ಲೋಬ್ ಟಾವರ್ನ್ ಕೋಣೆಯಿಂದ ಶುರು ಮಾಡಿ. ಹಾರ್ಡಿನ್‌ಗೆ ಅವನದೇ ಆದ ಒಂದು ಪೂರ್ತಿ ದೃಶ್ಯ ಕೊಡಿ, ಜಾಕ್ಸನ್‌ವಿಲ್‌ನಲ್ಲಿ, ಲಿಂಕನ್ ಇಲ್ಲದ ಕಡೆ. ಅಧ್ಯಕ್ಷಗಿರಿ, ಗುಲಾಮಗಿರಿ, ಗುಂಡೇಟು ಇರುವ ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ. ಗೆದ್ದ ಮೇಲೆ 1846ರ ಅಕ್ಟೋಬರಿನಲ್ಲಿ ಸ್ಪೀಡ್‌ಗೆ ಬರೆದ ಪತ್ರದಲ್ಲಿ, ಅಂದುಕೊಂಡಷ್ಟು ಖುಷಿ ಆಗಲಿಲ್ಲ ಅಂತ ಅವನೇ ಹೇಳಿದ್ದಾನೆ. ಅದಕ್ಕಿಂತ ಮುಂದೆ ಹೋಗಬೇಡಿ. ಶೀರ್ಷಿಕೆಯಿಂದ ‘ತ್ಯಾಗ’ ಬಿಡಿ. ದೀಪಾವಳಿ ಸಂಚಿಕೆ ತುಂಬಿದೆ, ಯುಗಾದಿಗೆ ಜಾಗ ಇದೆ. ಮತ್ತೆ ದಯವಿಟ್ಟು ಯುನಿಕೋಡ್‌ನಲ್ಲೇ ಕಳಿಸಿ, ಹೋದ ಸಲದ ಫೈಲಿನಲ್ಲಿ ಒತ್ತಕ್ಷರಗಳೆಲ್ಲಾ ಚದುರಿ ಹೋಗಿದ್ದವು.

ಇಂತಿ,
ಸಂಪಾದಕ