ಹಂದಿ ಕಾಯುವಾಗ ಸೇಫ್ಟಿ ಲಾಕ್ ಹಾಕಿದ ಕೋವಿ ನಮ್ಮತ್ತ ತಿರುಗಿದರೆ ಹೆದರಬೇಕೇ?

ಹೆದರಲೇಬೇಕು. ಮೊದಲು ನಳಿಗೆಯ ನೇರದಿಂದ ಬದಿಗೆ ಸರಿಯಿರಿ, ಮಾತು ಆಮೇಲೆ: "ಭಾವ, ಕೋವಿ ಆಚೆ ತಿರುಗಿಸಿ, ಮಡಚಿ ತೋಟೆ ತೆಗೀರಿ." ಮಡಚುವುದೆಂದರೆ ನಳಿಗೆಯನ್ನು ಬುಡದಲ್ಲಿ ಬಗ್ಗಿಸಿ ಕೋವಿ ತೆರೆಯುವುದು. ಕೈಹಾಕಿ ನಳಿಗೆ ತಳ್ಳಬೇಡಿ. ಅವರ ಬೆರಳು ಟ್ರಿಗರಿನ ಮೇಲಿದ್ದರೆ ಆ ಎಳೆದಾಟಕ್ಕೇ ಈಡು ಹಾರೀತು.

ಬಹಳಷ್ಟು ಜೋಡಿ ನಳಿಗೆ ಕೋವಿಗಳಲ್ಲಿ ಲಾಕ್ ತಡೆಯುವುದು ಟ್ರಿಗರನ್ನು ಮಾತ್ರ. ತೋಟೆಗೆ ಬಡಿಯುವ ಸುತ್ತಿಗೆ ಒಳಗೆ ಸ್ಪ್ರಿಂಗಿನ ಬಿಗಿಯಲ್ಲಿ, ಒಂದು ಸಣ್ಣ ಕಚ್ಚಿನ ಆಸರೆಯಲ್ಲಿ ಕಾಯುತ್ತಲೇ ಇರುತ್ತದೆ. ಅಜ್ಜನ ಕಾಲದ ಕೋವಿಯಲ್ಲಿ ಆ ಕಚ್ಚು ಸವೆದಿದ್ದರೆ, ತೋಟದ ಅಗಳು (ಕಂದಕ) ದಾಟುವಾಗ ಕೈಜಾರಿ ಮುರಕಲ್ಲಿಗೆ ಬಿದ್ದ ಪೆಟ್ಟೇ ಸಾಕು, ಲಾಕ್ ಇದ್ದೂ ಸಿಡಿಯಬಹುದು. ಹೊರಗೆ ಸುತ್ತಿಗೆ ಕಾಣುವ ಹಳೇ ಕೋವಿಗಳಲ್ಲಂತೂ ಹೆಚ್ಚಾಗಿ ಲಾಕೇ ಇರುವುದಿಲ್ಲ.

"ತೋಟೆ ಇಲ್ಲ ಮಾರಾಯ" ಎಂಬ ಮಾತನ್ನೂ ನಂಬಬೇಡಿ. ಮಡಚಿದ ಕೋವಿಯ ಹಿಂದಿನಿಂದ ಟಾರ್ಚ್ ಬಿಟ್ಟರೆ ಎರಡೂ ನಳಿಗೆಯಲ್ಲಿ ಬೆಳಕು ಆಚೆ ಹಾಯಬೇಕು. ಅಗಳು, ಬೇಲಿ ದಾಟುವಾಗಲೂ ಹಾಗೆ ಮಡಚಿಯೇ ಇರಲಿ.

2022ರಿಂದ ಕೇರಳದಲ್ಲಿ ಕೃಷಿಗೆ ಹಾನಿ ಮಾಡುವ ಕಾಡುಹಂದಿ ಕೊಲ್ಲಲು ಪಂಚಾಯತು ಅಧ್ಯಕ್ಷರೇ ಅನುಮತಿ ಕೊಡಬಹುದು. ಹಾಗಾಗಿ ನಮ್ಮ ಕಾಸರಗೋಡಿನ ತೋಟಗಳಲ್ಲೂ ರಾತ್ರಿ ಕೋವಿಯವರ ಜತೆ ನಿಲ್ಲುವ ಸಂದರ್ಭ ಬಂದೀತು. ಎರಡನೇ ಸಲ ಹೇಳಿದರೂ ನಗುವವರಾದರೆ, ಹಂದಿ ಗೆಣಸು ತಿಂದರೆ ತಿನ್ನಲಿ, ನೀವು ಮನೆಗೆ ಹೊರಡಿ.